ಹಿತ್ತಾಳೆಗೆ ಬಣ್ಣ ತಾಗದ ಹಾಗೆ

ದುರ್ಗದಬೈಲಿನ ತಮ್ಮ ಸ್ಟುಡಿಯೋದಲ್ಲಿ, ಫೋಟೋದೊಳಗಿನ ಮದುಮಗಳ ಮುಖದ ಕಲೆಯನ್ನೂ ಗಂಡಸರ ಕೋಟಿನ ಸುಕ್ಕನ್ನೂ ಬಣ್ಣದ ಮಂಜಿನಿಂದ ಮರೆಸುತ್ತಿದ್ದವಳು ದಾನವ್ವ. ಬಣ್ಣವನ್ನು ಮಂಜಿನಂತೆ ಊದುವ ಏರ್‌ಬ್ರಶ್ ಮೊದಲು ಅವಳ ಗಂಡ ಗುರುಸಿದ್ದಯ್ಯನ ಕೈಯಲ್ಲಿತ್ತು. ಬಣ್ಣದ ಹುಡಿ ಎದೆಗಿಳಿದು ದಮ್ಮು ಹತ್ತಿದ ಮೇಲೆ ಅವನು ಕ್ಯಾಮೆರಾದ ಹಿಂದೆ ನಿಂತ, ಇವಳು ಏರ್‌ಬ್ರಶ್ ಹಿಡಿದಳು. ಹೆಣ್ಣುಮಗಳಿಗೆ ಇದೆಲ್ಲ ಯಾಕೆಂದು ಪೇಟೆ ನಕ್ಕಿತು; ಫೋಟೋ ನೋಡಿ ಸುಮ್ಮನಾಯಿತು.

೧೯೬೩ರ ಮಹಾನವಮಿಯ ಹೊತ್ತಿಗೆ ವಿದ್ಯಾನಗರದ ಮಾಸ್ತರ ತ್ರ್ಯಂಬಕ, ತಾನೇ ಮಾಡಿದ ರೈಲು ಎಂಜಿನ್ನಿನ ಮಾದರಿಯೊಂದನ್ನು ತಂದಿಟ್ಟ. ಮೊಳದುದ್ದದ ಸಾಗವಾನಿ ಮೈ. ಮೇಲೆ ಹಿತ್ತಾಳೆಯ ಪಟ್ಟಿ, ಗುಮ್ಮಟ, ಸೀಟಿ.

“ಪ್ರದರ್ಶನಕ್ಕ ಇಡಾಂವ ಅದೀನಿ ಅಕ್ಕಾರ. ಮೈಯೆಲ್ಲಾ ಹಸಿರಾಗಬೇಕು, ಹಿತ್ತಾಳಿಗೆ ಒಂದು ಹನಿ ತಾಗಬಾರದು.”

ದಾನವ್ವ ಹಿತ್ತಾಳೆಗೆ ಕಾಗದ ಅಂಟಿಸಿ ಬಣ್ಣ ಬಿಟ್ಟಳು. ಮಂಜು ಕಾಗದದ ಅಂಚಿನಡಿ ನುಸುಳಿ ಗುಮ್ಮಟವೆಲ್ಲ ಹಸಿರಾಯಿತು. ನೋಡಲು ಬಂದ ತ್ರ್ಯಂಬಕ ಧೋತರದ ಅಂಚಿನಿಂದ ತಾನೇ ಗುಮ್ಮಟ ಒರೆಸತೊಡಗಿದ. ಅದೇ ಅವಳಿಗೆ ಹೆಚ್ಚು ಚುಚ್ಚಿತು. ಸಂಜೆತನಕ ಥಿನ್ನರಿನಲ್ಲಿ ಉಜ್ಜಿ ಬಣ್ಣ ತೆಗೆದಳು.

“ವಾಪಸ್ ಕೊಟ್ಟಬಿಡು. ಫೋಟೋದ ಕೆಲಸ ಬ್ಯಾರೆ, ಇದು ಬ್ಯಾರೆ,” ಎಂದ ಗುರುಸಿದ್ದಯ್ಯ.

“ನಾ ಬಿಡಾಂಗಿಲ್ರಿ.”

ಮರುದಿನ ಹೋಳಿಗೆಗೆ ಕಣಕ ನಾದುವಾಗ ಬಳೆಯ ಕೆತ್ತನೆಯ ಸಂದುಸಂದಿಗೂ ಹಿಟ್ಟು ಮೆತ್ತಿಕೊಂಡಿತು. ಎಳೆದರೆ ಗುರುತು ಉಳಿಯದೆ ಕಿತ್ತು ಬಂತು. ದಾನವ್ವ ಕೈಯನ್ನೂ ತೊಳೆಯದೆ ಎದ್ದಳು. ಇನ್ನೂ ಎಣ್ಣೆ ಬೆರೆಸದ ಆ ಕಣಕವನ್ನು ಹಿತ್ತಾಳೆಗೆಲ್ಲ ಒತ್ತಿ, ಉಗುರಿನಿಂದ ಅಂಚು ತೀಡಿದಳು. ರಟ್ಟಿನ ಪೆಟ್ಟಿಗೆಯೊಳಗೆ ಎಂಜಿನ್ ಇಟ್ಟು, ದಾರಿತಪ್ಪಿದ ಮಂಜು ಅಂಟಿಕೊಳ್ಳಲೆಂದು ಅದರ ಹಿಂದೆ ಒದ್ದೆ ಅರಿವೆ ತೂಗಿಬಿಟ್ಟಳು. ಏರ್‌ಬ್ರಶ್ಶಿಗೆಂದು ಗಾಳಿ ತುಂಬಿಟ್ಟಿದ್ದ ಮೋಟಾರು ಟ್ಯೂಬಿನಿಂದ ಅರ್ಧ ಗಾಳಿ ಬಿಟ್ಟಳು. ಸಣ್ಣ ಗಾಳಿ, ತೆಳು ಬಣ್ಣ, ಹತ್ತಿರದ ಕೈ. ಒಂದು ಪದರ ಒಣಗುವತನಕ ಒದ್ದೆ ಬೆರಳಿನಿಂದ ಹಿಟ್ಟನ್ನು ಮೆತ್ತಗೆ ಇಡುತ್ತ ಕಾದು, ಮತ್ತೊಂದು ಪದರ ಕೊಟ್ಟಳು.

ತ್ರ್ಯಂಬಕನನ್ನು ಕರೆಸಿ, ಅವನೆದುರೇ ಗುಮ್ಮಟದ ಹಿಟ್ಟು ಸುಲಿದಳು. ಹಸಿರಿನ ನಡುವೆ ಹಿತ್ತಾಳೆ ಝಗ್ಗೆಂದಿತು.

“ಏ, ಅಂಚು ನೋಡ್ರಿ! ಚಾಕುಲೆ ಕೊಯ್ದಾಂಗ ಐತಿ!” ಎಂದು ಮಾಸ್ತರ ಕುಣಿದೇಬಿಟ್ಟ.

ಪ್ರದರ್ಶನದಲ್ಲಿ ಎಂಜಿನ್ನಿಗೆ ಮೊದಲ ಬಹುಮಾನ ಬಂತು. ಹಾರ ಹಾಕಿಸಿಕೊಳ್ಳಲು ಹೋದ ತ್ರ್ಯಂಬಕ ಅರ್ಧಕ್ಕೇ ಹಿಂದಿರುಗಿ, “ಬರ್ರಿ ಅಕ್ಕಾರ, ನೀವೂ ಬರ್ರಿ,” ಎಂದು ದಾನವ್ವನನ್ನೂ ವೇದಿಕೆಗೆ ಹತ್ತಿಸಿದ. ಚಪ್ಪಾಳೆ ಬಿತ್ತು. ಜನರ ನಡುವೆ ಗುರುಸಿದ್ದಯ್ಯ, “ನಮ್ಮಾಕಿರಿ, ನಮ್ಮಾಕಿ!” ಎಂದು ಕಂಡಕಂಡವರಿಗೆ ಹೇಳುತ್ತಿದ್ದ. ದಾನವ್ವ ಸೆರಗು ಸರಿಮಾಡಿಕೊಂಡು, ತಲೆ ತಗ್ಗಿಸದೆ ನಿಂತಳು.

ದೀಪಾವಳಿಗೆ ಸ್ಟುಡಿಯೋಕ್ಕೆ ಹೊಸ ಬೋರ್ಡು ಬಂತು. ಅದರ ಮೇಲೆ ತನ್ನ ಹೆಸರನ್ನು ಅವಳೇ ಬಂಗಾರದ ಬಣ್ಣದಲ್ಲಿ ಬರೆದಳು, ದೊಡ್ಡ ಅಕ್ಷರಗಳಲ್ಲಿ.