ಬಾಗಿಲು ತಡೆದ ಹಾಡು

ನನ್ನ ನೆನಪಿನ ಶಕ್ತಿಯ ಬಗ್ಗೆ ನನಗೆ ಯಾವ ಭ್ರಮೆಯೂ ಇಲ್ಲ. ತರಗತಿಯಲ್ಲಿ ಬಿಟ್ಟ ಕೊಡೆಯನ್ನು ತರಲು ಹೋಗಿ ಕನ್ನಡಕವನ್ನೂ ಅಲ್ಲೇ ಬಿಟ್ಟುಬಂದವನು ನಾನು. ಇಂಥವನು ಎಂಬತ್ತರ ದಶಕದಲ್ಲಿ ಮಧುಗಿರಿಯ ಕಾಲೇಜೊಂದರಲ್ಲಿ ಗಣಿತ ಹೇಳುತ್ತಿದ್ದೆ. ಸಾಲದ್ದಕ್ಕೆ ಬೇಸಿಗೆ ಶಿಬಿರವೊಂದರಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಷನ್ನಿನ ಹುಚ್ಚು ಬೇರೆ ಹತ್ತಿಸಿಕೊಂಡು ಬಂದಿದ್ದೆ.

ಹೆದರಬೇಡಿ, ವಿಷಯ ಸುಲಭ. ಅಕ್ಷರಗಳ ಸಾಲು ಹೀಗಿರಬೇಕು ಅಂತ ನೀವೊಂದು ಅಚ್ಚು ಬರೆದುಕೊಡುತ್ತೀರಿ. ಸಾಲು ಅದಕ್ಕೆ ಹೊಂದುತ್ತದೋ ಇಲ್ಲವೋ ಅಂತ ಒಂದು ಕಾಲ್ಪನಿಕ ಯಂತ್ರ ಓದಿ ಹೇಳುತ್ತದೆ. ಆ ಬಡಪಾಯಿಯ ಹತ್ತಿರ ಇರುವುದು ಇಂತಿಷ್ಟೇ ಅಂತ ಕುರ್ಚಿಗಳು. ಒಂದೊಂದು ಅಕ್ಷರ ಓದಿದಾಗಲೂ ಒಂದರಿಂದ ಇನ್ನೊಂದಕ್ಕೆ ಹೋಗಿ ಕೂರುತ್ತದೆ. ಕೂತ ಕುರ್ಚಿ ಯಾವುದೋ ಅಷ್ಟೇ ಅದರ ನೆನಪು. ಈ ಅಚ್ಚಿಗೆ ಬ್ಯಾಕ್‌ರೆಫರೆನ್ಸ್ ಅನ್ನುವ ಬಾಲ ಕಟ್ಟಿ, ‘ಮೊದಲು ಏನೇ ಬಂದಿರಲಿ, ಅದೇ ಇಲ್ಲಿ ಮತ್ತೆ ಬರಬೇಕು’ ಅಂದಿರೋ, ಯಂತ್ರ ಕಂಗಾಲು. ಸಾಲು ಉದ್ದವಾದರೆ ಕುರ್ಚಿ ಸಾಲುವುದಿಲ್ಲ. ಬೇರೆ ಬೇರೆ ಸಾಲುಗಳು ಒಂದೇ ಕುರ್ಚಿಗೆ ಬಂದು ಕೂರುತ್ತವೆ, ಆಮೇಲೆ ತಾನು ಓದಿದ್ದು ಯಾವುದನ್ನು ಅಂತ ಅದಕ್ಕೇ ತಿಳಿಯದು. ನನಗೆ ಆ ಯಂತ್ರದ ಮೇಲೆ ಖಾಸಾ ನೆಂಟನ ಮೇಲಿರುವಂಥ ಪ್ರೀತಿ.

ಹೀಗಿರುವಾಗ ಕೊಡಿಗೇನಹಳ್ಳಿಯ ನಾಗರತ್ನಳ ಜೊತೆ ನನ್ನ ಮದುವೆಯಾಯಿತು. ಮರುದಿನ ಅವಳನ್ನು ಕರೆದುಕೊಂಡು ಹೊರಟರೆ, ಅವಳ ಸೋದರತ್ತೆ ಸಿದ್ದಗಂಗಮ್ಮ ಹೊಸಿಲಿಗೆ ಅಡ್ಡ ನಿಂತರು. ಆ ಮನೆಯ ಶಾಸ್ತ್ರವಂತೆ. ಅತ್ತೆ ನಿಂತಲ್ಲೇ ಕಟ್ಟಿ ಹಾಡಿದ್ದನ್ನು ಅಳಿಯ ಅಕ್ಷರ ಬಿಡದೆ ಒಪ್ಪಿಸಿ, ಕೊನೆಗೆ ಹೆಂಡತಿಯ ಹೆಸರು ಸೇರಿಸಬೇಕು. ತಪ್ಪಿದರೆ ಹೆಣ್ಣು ಮುಂದಿನ ಹಬ್ಬದವರೆಗೆ ತವರಲ್ಲೇ. ನಾನು ನಕ್ಕೆ. ಯಾರೂ ನಗಲಿಲ್ಲ. ಹಿಂದೊಬ್ಬ ಅಳಿಯ ಒಬ್ಬನೇ ಬಸ್ಸು ಹತ್ತಿದ್ದನ್ನು ನನ್ನ ಮಾವನವರು ಬಹಳ ಗಂಭೀರವಾಗಿ ಜ್ಞಾಪಿಸಿದರು.

ಅತ್ತೆ ಶುರುಮಾಡಿದರು. ಹುಡುಗಿಯ ಮಡಿಲಿಗೆ ಮಧುಗಿರಿಯ ದಾಳಿಂಬೆ, ಪಾವಗಡದ ಕಡಲೇಕಾಯಿ, ತಾವರೆಕೆರೆಯ ರಾಗಿ. ಕೈಗೆ ಬಡವನಹಳ್ಳಿ ಸಂತೆಯ ಬಳೆ, ಅತ್ತಿಗೆಯ ಮೂಗಿಗೆ ನತ್ತು, ಹಟ್ಟಿಗೆ ಬಿಳೀ ಮೇಕೆ. ಸುತ್ತಲಿನ ಹೆಂಗಸರು ಹುರಿದುಂಬಿಸಿದಷ್ಟೂ ಹಾಡು ಬೆಳೆಯಿತು. ಮೇಕೆ ಬರುವ ಹೊತ್ತಿಗೆ ನನ್ನ ಕುರ್ಚಿಗಳೆಲ್ಲ ಮುಗಿದಿದ್ದವು.

ಸರದಿ ಬಂತು. ದಾಳಿಂಬೆಯವರೆಗೆ ಚೆನ್ನಾಗಿ ಹೋದೆ. ಮುಂದೆ ಬಾಯಿಗೆ ಬಂದದ್ದನ್ನು ರಾಗ ತಪ್ಪದಂತೆ ಎಳೆದೆ. ಮೇಕೆಗೆ ಬಳೆ ತೊಡಿಸಿದೆ, ನತ್ತನ್ನು ರಾಗಿಯಲ್ಲಿ ಹೂತೆ, ಕೊನೆಗೆ ‘ನಾಗರತ್ನಾ’ ಅಂತ ಬೀದಿಗೆ ಕೇಳುವಂತೆ ಕೂಗಿ ನಿಲ್ಲಿಸಿದೆ. ಸಿದ್ದಗಂಗಮ್ಮ ಬಾಯಿ ತೆರೆದರು, ಮುಚ್ಚಿದರು, ಜಂತೆ ನೋಡಿದರು. ಕಟ್ಟಿದವರಿಗೇ ಹಾಡು ಮರೆತಿತ್ತು. ಹೆಂಗಸರನ್ನು ಕೇಳಿದರೆ ಅವರೂ ಮುಖ ಮುಖ ನೋಡಿಕೊಂಡರು. ಕಡೆಗೆ ತಲೆ ತಗ್ಗಿಸಿ ನಿಂತಿದ್ದ ಮದುಮಗಳನ್ನೇ ಕೇಳಿದರು: “ಸರಿಯಾಗೇಳಿದ್ನೇನೇ?”

“ಸರಿಯಾಗೈತೆ ಕಣತ್ತೆ, ದಾರಿ ಬುಡು.”

ಬಸ್ಸಿನಲ್ಲಿ ಅವಳ ಪಕ್ಕ ಕೂತ ಮೇಲೇ ನನಗೆ ಸರಿಯಾಗಿ ಉಸಿರು ಬಂದದ್ದು. ಅಬ್ಬಾ, ಅಂಥ ನೆಮ್ಮದಿಯನ್ನು ನಾನು ಪರೀಕ್ಷೆ ಪಾಸಾದಾಗಲೂ ಕಂಡಿರಲಿಲ್ಲ. ಮಧುಗಿರಿ ಬೆಟ್ಟ ಕಾಣುವ ಹೊತ್ತಿಗೆ ನಾಗರತ್ನ ಕಿಟಕಿಯ ಕಡೆ ತಿರುಗಿ ಮೆಲ್ಲಗೆ ಗುನುಗತೊಡಗಿದಳು. ದಾಳಿಂಬೆಯಿಂದ ಬಿಳೀ ಮೇಕೆಯವರೆಗೆ, ಅತ್ತೆಯ ಹಾಡು ಪೂರ್ತಿ, ಒಂದಕ್ಷರ ಆಚೀಚೆ ಇಲ್ಲ. ನಾನು ದಂಗಾದೆ. ಎಲ್ಲ ನೆನಪಿದ್ದೂ ಸರಿಯಾಗಿದೆ ಅಂತ ಯಾಕೆ ಹೇಳಿದೆ ಅಂತ ಕೇಳಿದೆ.

“ಮತ್ತೆ ನಾನೂ ಬಸ್ ಹತ್ಬೇಕಿತ್ತಲ್ಲ” ಅಂದಳು.

ನೆನಪು ಸಾಲದ ಯಂತ್ರಕ್ಕೆ ಹೊರಗಿನಿಂದ ಇನ್ನೊಂದು ನೆನಪನ್ನು ಜೋಡಿಸಬೇಕು ಅನ್ನುತ್ತದೆ ಶಾಸ್ತ್ರ. ನನಗದು ಕೊಡಿಗೇನಹಳ್ಳಿಯಲ್ಲಿ ಸಿಕ್ಕಿತು. ಅಂದಿನಿಂದ ಕೊಡೆ ಎಲ್ಲಿ ಬಿಟ್ಟೆ ಅಂತ ಯೋಚಿಸುವ ಗೋಜಿಗೇ ನಾನು ಹೋಗಿಲ್ಲ.