ಮಳೆ ಪುಸ್ತಕದ ಕೊನೆಯ ಕಾಲಂ

ಕಕ್ಕಬೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಆಫೀಸ್ ನೋಡಿಕೊಳ್ಳುತ್ತೇನೆ. ಬೆಳಿಗ್ಗೆ ಎಂಟೂವರೆಗೆ ಅಂಗಳದ ರೇನ್ ಗೇಜಿನ ನೀರನ್ನು ಅಳತೆಯ ಗ್ಲಾಸಿಗೆ ಬಗ್ಗಿಸಿ, ಎಷ್ಟು ಇಂಚು, ಇಂಚಿನ ನೂರನೇ ಪಾಲಾದ ಸೆಂಟ್ ಎಷ್ಟು ಎಂದು ಮಳೆ ಪುಸ್ತಕದಲ್ಲಿ ಬರೆಯುವುದು ನನ್ನ ಮೊದಲ ಕೆಲಸ. ಅದನ್ನೇ ಫೋನಿನಲ್ಲಿ ಸಾಹುಕಾರರಿಗೂ ಕಳಿಸುತ್ತೇನೆ. ಆಮೇಲೆ ಹತ್ತು ಗಂಟೆಗೆ ಪುಸ್ತಕವೇ ಅವರ ಬಂಗಲೆಗೆ ಹೋಗುತ್ತದೆ, ಊಟದ ಹೊತ್ತಿಗೆ ವಾಪಸು ಬರುತ್ತದೆ. ನಂಬರು ಫೋನಿಗೆ ಹೋದ ಮೇಲೆ ಪುಸ್ತಕ ಯಾಕೆ ಎಂದು ನಾನು ಕೇಳಿದವಳಲ್ಲ. ಅವರ ತಂದೆಯ ಕಾಲದ ಅಭ್ಯಾಸ, ನಿಲ್ಲಿಸುವ ಪುಣ್ಯಾತ್ಮರು ಯಾರೂ ಸಿಕ್ಕಿಲ್ಲ ಎಂದುಕೊಂಡಿದ್ದೆ.

ಪುಸ್ತಕದ ಕೊನೆಯ ಕಾಲಮ್ಮು ರಿಮಾರ್ಕ್ಸಿನದು. ನನಗಿಂತ ಮುಂಚೆ ಇದ್ದವರು ಅಲ್ಲಿ 'ಗಾಳಿ', 'ಗುಡುಗು' ಎಂದು ಬರೆದು ಕೈತೊಳೆದುಕೊಂಡಿದ್ದಾರೆ. ನಾನು ವಾಕ್ಯ ಬರೆಯುತ್ತಿದ್ದೆ. 'ಕೂಲಿಯವರ ಲೈನ್ ಮನೆಯ ಮೂರು ಮಕ್ಕಳು ಒಂದೇ ಕೊಡೆಯಲ್ಲಿ ಶಾಲೆಗೆ ಹೋದರು. ನಡುವಿನವಳು ಮಾತ್ರ ಒದ್ದೆಯಾಗಲಿಲ್ಲ' ಎನ್ನುವಂಥದ್ದು. ಕಾಲಮ್ಮಿನ ಅಗಲ ನಾಲ್ಕು ಬೆರಳು. ನನ್ನ ಚಪಲಕ್ಕೆ ಅಷ್ಟು ಕಡಿವಾಣ ಇದ್ದದ್ದು ಒಳ್ಳೆಯದೇ ಆಯಿತು.

ಮನೆಯಲ್ಲಿ ಬರೆಯುತ್ತಿದ್ದದ್ದು ಕಥೆ. ನಾನು ಹುಟ್ಟಿದ್ದು ಕುಶಾಲನಗರದ ಹತ್ತಿರ, ಹಾಸನದ ಕಡೆಯಿಂದ ಬಂದು ನೆಲೆಸಿದ ರೈತರ ಮನೆಯಲ್ಲಿ. ಬರೆಯುವವರು ಎಂದರೆ ನಮಗೆ ಗೊತ್ತಿದ್ದದ್ದು ತಾಲೂಕು ಆಫೀಸಿನ ಮುಂದೆ ಕೂತು ಅರ್ಜಿ ಬರೆಯುವವರು ಮಾತ್ರ. ಹಾಗಾಗಿ ಬರೆದದ್ದನ್ನು ಯಾರಿಗೂ ತೋರಿಸದೆ ನೇರ ಪತ್ರಿಕೆಗಳಿಗೆ ಕಳಿಸುತ್ತಿದ್ದೆ. ಹೆಚ್ಚಿನವಕ್ಕೆ ಉತ್ತರವೇ ಬರಲಿಲ್ಲ. ಹೋದ ವರ್ಷ ಕಕ್ಕಡದಲ್ಲಿ, ಎಂದರೆ ಮಳೆ ಹಿಡಿದರೆ ಬಿಡದ ತಿಂಗಳಲ್ಲಿ, ನಾನು ತುಂಬ ನಂಬಿಕೊಂಡಿದ್ದ ಕಥೆಗೆ ಒಂದು ಸಾಲಿನ ಉತ್ತರ ಬಂತು: ಹೊಂದುವುದಿಲ್ಲ. ಯಾವುದಕ್ಕೆ ಹೊಂದುವುದಿಲ್ಲ ಎಂದು ಇರಲಿಲ್ಲ. ನನಗೆ ಅವಮಾನವಾಯಿತು, ಅದಕ್ಕಿಂತ ಹೆಚ್ಚಾಗಿ ಸುಸ್ತಾಯಿತು. ನೋಟ್‌ಬುಕ್ಕುಗಳನ್ನು ಅಕ್ಕಿ ಡ್ರಮ್ಮಿನ ಹಿಂದೆ ತುರುಕಿ, ಇನ್ನು ಬರೆಯುವುದಿಲ್ಲ ಎಂದು ತೀರ್ಮಾನಿಸಿದೆ.

ಒಂದು ವಾರ ರಿಮಾರ್ಕ್ಸ್ ಕಾಲಮ್ಮನ್ನೂ ಖಾಲಿ ಬಿಟ್ಟೆ. ಎಂಟನೆಯ ದಿನ ಕೈ ತಾನಾಗಿ ಅಲ್ಲಿ ಏನೋ ಗೀಚಿತು. ಯಾರೂ ಓದದ್ದು ಬರವಣಿಗೆಯೇ ಅಲ್ಲ, ಆದ್ದರಿಂದ ತೀರ್ಮಾನಕ್ಕೆ ಭಂಗವಿಲ್ಲ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಕಥೆಯ ತಂಟೆಗೆ ಮಾತ್ರ ಹೋಗಲಿಲ್ಲ.

ಮಾರ್ಚಿನಲ್ಲಿ ಇಲ್ಲಿ ಯಾರಿಗೂ ಬೇರೆ ಮಾತಿಲ್ಲ. ಕಾಫಿಯ ಮೊಗ್ಗು ಒಂದು ಒಳ್ಳೆಯ ಮಳೆಗೆ ಕಾದಿರುತ್ತದೆ. ಒಂದು ಇಂಚು ಬಿದ್ದರೆ ಒಂಬತ್ತನೆಯ ದಿನ ತೋಟವೆಲ್ಲ ಬಿಳಿ. ಬರೀ ನಾಲ್ಕು ಹನಿ ಬಿದ್ದರೆ ಮೊಗ್ಗು ಅರ್ಧ ಎದ್ದು ಅಲ್ಲೇ ಕರಟುತ್ತದೆ, ಮುಂದಿನ ಫಸಲಿನ ಆಸೆ ಬಿಡಬೇಕು. ಮಳೆ ಸಾಲದ ಕಡೆ ತಕ್ಷಣ ಸ್ಪ್ರಿಂಕ್ಲರ್ ಹಾಕಿ ನೀರು ಕೊಡುವುದು ಅದಕ್ಕೇ.

ಈ ವರ್ಷ ಒಂದು ಸಂಜೆ ನಾಲ್ಕು ಗಂಟೆಗೆ ಮಳೆ ಹೊಡೆಯಿತು. ಮರುದಿನ ಗ್ಲಾಸಿನಲ್ಲಿ ಒಂದು ಇಂಚು ಹತ್ತು ಸೆಂಟ್. ನಂಬರು ಕಳಿಸಿದ ಕೂಡಲೇ ಸ್ಪ್ರಿಂಕ್ಲರ್ ಪೈಪುಗಳನ್ನು ಬಿಚ್ಚಿ ಶೆಡ್ಡಿಗೆ ಹಾಕಲು, ತೋಟದ ಆಳುಗಳನ್ನು ನೋಡಿಕೊಳ್ಳುವ ಮೇಸ್ತ್ರಿಗೆ ಅಪ್ಪಣೆಯಾಯಿತು. ಆದರೆ ನಾನು ದಿನಾ ಬಸ್ಸಿಳಿದು ಬರುವುದು ಹೊಳೆಯಾಚೆ ಇರುವ ನಮ್ಮದೇ ತೋಟದ ಒಳಗಿನಿಂದ. ಅಲ್ಲಿ ನೆಲ ಒದ್ದೆ ಕಂಡರೂ ಕಾಲಿಗೆ ಹಾಗನ್ನಿಸಿರಲಿಲ್ಲ. ಕೊನೆಯ ಕಾಲಮ್ಮಿನಲ್ಲಿ ಬರೆದೆ: 'ಹೊಳೆಯಾಚೆ ಮೇಲ್ಮಣ್ಣು ಮಾತ್ರ ಕಪ್ಪಗಿದೆ. ಚಪ್ಪಲಿಯಲ್ಲಿ ಕೆದಕಿದರೆ ಅಡಿಯಲ್ಲಿ ನಿನ್ನೆಯದೇ ಧೂಳು.'

ಬರೆದೆ, ಬಾಯಿ ಬಿಟ್ಟು ಹೇಳಲಿಲ್ಲ. ತೋಟದ ವಿಷಯದಲ್ಲಿ ಆಫೀಸಿನವರು ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ, ಅದು ಮೇಸ್ತ್ರಿಯ ಸೀಮೆ. ವಾಕ್ಯ ಚೆನ್ನಾಗಿ ಕೂತಿತು ಎಂಬ ಖುಷಿಯಲ್ಲಿ ಕಾಫಿ ಗಿಡದ ಗತಿ ನನಗೆ ಮರೆತೇ ಹೋಗಿತ್ತು ಎಂಬುದೂ ನಿಜ. ಇದನ್ನು ಈಗಲೂ ನಾಚಿಕೆಯಿಂದಲೇ ಹೇಳುತ್ತಿದ್ದೇನೆ.

ಅಂದು ಊಟದ ಹೊತ್ತಿಗೆ ಪುಸ್ತಕ ಬರಲಿಲ್ಲ. ಎರಡು ಗಂಟೆಗೆ ಸಾಹುಕಾರರೇ ಬಂದರು. ಮಂಡಿ ಆಪರೇಷನ್ ಆದ ಮೇಲೆ ಅವರು ಬಂಗಲೆಯ ಮೆಟ್ಟಿಲು ಇಳಿಯುವುದೇ ಅಪರೂಪ. ಒಂದು ಕೈಯಲ್ಲಿ ಕೋಲು, ಕಂಕುಳಲ್ಲಿ ಮಳೆ ಪುಸ್ತಕ. ಹಿಂದೆ ಮೇಸ್ತ್ರಿ.

"ಹೊಳೆ ಆಚೇನೂ ಮಳೆ ಆಗಿದೆ ಸಾರ್, ನಾನೇ ಕಣ್ಣಲ್ಲಿ ನೋಡಿದ್ದು" ಎನ್ನುತ್ತಿದ್ದ ಮೇಸ್ತ್ರಿ.

"ಕೆದಕಿ ನೋಡಿದ್ಯಾ?"

ಸಾಹುಕಾರರು ನನ್ನ ಕಡೆ ತಿರುಗಿದರು. "ಚಪ್ಪಲಿ ಯಾರದ್ದು?"

"ನಂದೇ ಸಾರ್."

"ಬಾಯಲ್ಲಿ ಹೇಳ್ಲಿಕ್ಕೆ ಏನಾಗಿತ್ತು ನಿಮ್ಗೆ?"

"ಆ ಕಾಲಂ ಯಾರೂ ಓದಲ್ಲ ಅಂತ..."

"ನಂಬರು ಫೋನಲ್ಲೇ ಬರ್ತದೆ. ಮತ್ತೆ ಪುಸ್ತಕ ಎಂತಕ್ಕೆ ತರಿಸೋದು ನಾನು?"

ಪೈಪುಗಳನ್ನು ಇವತ್ತೇ ಹೊಳೆಯಾಚೆ ಹಾಕು ಎಂದು ಮೇಸ್ತ್ರಿಯನ್ನು ಕಳಿಸಿದರು. ತಾವು ಕುರ್ಚಿಯ ಮೇಲೆ ಕೂತು ಹಳೆಯ ಪುಟಗಳನ್ನು ತಿರುವಿದರು. ಒಂದು ಕಡೆ ಬೆರಳಿಟ್ಟರು.

"ಕಕ್ಕಡದಲ್ಲಿ ಒಂದು ವಾರ ಏನೂ ಇಲ್ಲ ಇಲ್ಲಿ. ಹುಷಾರಿರ್ಲಿಲ್ವಾ?"

"ಮಳೆ ಜಾಸ್ತಿ ಇತ್ತು ಸಾರ್."

"ಮಳೆ ಇದ್ದದ್ದು ನಂಬರಲ್ಲಿ ಉಂಟು" ಎಂದರು. ಅಷ್ಟೇ. ನನಗೆ ಅಳು ಬಂತು. ಆಫೀಸಿನಲ್ಲಿ ಅಳುವ ರೂಢಿ ಇಲ್ಲದ್ದರಿಂದ ಮೇಜಿನ ಕೆಳಗೆ ಬಗ್ಗಿ ಇಲ್ಲದ ಸ್ಟ್ಯಾಂಪ್ ಪ್ಯಾಡ್ ಹುಡುಕಿದೆ. ಅವರು ಎದ್ದುಹೋಗುವ ತನಕ ಅದು ಸಿಗಲಿಲ್ಲ.

ನೀರು ಹೊತ್ತಿಗೆ ಸರಿಯಾಗಿ ಬಿತ್ತು. ಹೊಳೆಯ ಈಚೆ ಹೂವಾದ ಮರುದಿನ ಆಚೆಯೂ ಆಯಿತು. ಆ ಬೆಳಿಗ್ಗೆ ಮಳೆಯ ಕಾಲಮ್ಮಿಗೆ ಸೊನ್ನೆ ಹಾಕಿ, ರಿಮಾರ್ಕ್ಸಿನಲ್ಲಿ 'ಎರಡೂ ಕಡೆ ಹೂ' ಎಂದಷ್ಟೇ ಬರೆದು ಕಳಿಸಿದೆ. ಓದುವವರಿದ್ದಾರೆ ಎಂದು ಗೊತ್ತಾದ ಮೇಲೆ ಕೈ ಹೆದರಿತ್ತು.

ಮಧ್ಯಾಹ್ನ ಪುಸ್ತಕ ವಾಪಸು ಬಂದಾಗ ನನ್ನ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಅವರ ಸೊಟ್ಟ ಅಕ್ಷರ: 'ಇಷ್ಟೇನಾ?'

ಆ ಸಂಜೆ ಮನೆಗೆ ಹೋಗಿ ಅಕ್ಕಿ ಡ್ರಮ್ಮನ್ನು ಪಕ್ಕಕ್ಕೆ ಸರಿಸಿದೆ. ನೋಟ್‌ಬುಕ್ಕುಗಳ ಅಂಚನ್ನು ಇಲಿ ಕಡಿದಿತ್ತು. ಬರೆದದ್ದಕ್ಕೆ ಏನೂ ಆಗಿರಲಿಲ್ಲ.