ಒಂಬತ್ತು ಗೆರೆಯ ನಂದಿ

ಈರಯ್ಯನವರು ಸಾಬೂನಿನ ಕಾಗದ ಬಿಚ್ಚುವುದನ್ನು ನೋಡಬೇಕಿತ್ತು. ನಾವೆಲ್ಲ ಪರ್ರನೆ ಹರಿದು ಬಿಸಾಡುವ ಆ ಕಾಗದವನ್ನು ಅವರು ಚಹಾದ ಲೋಟದ ಆವಿಗೆ ಹಿಡಿದು, ಅಂಟು ಮೆತ್ತಗಾಗುವವರೆಗೆ ಕಾದು, ಕಿರುಬೆರಳಿನ ಉಗುರಿನಿಂದ ಒಂದೊಂದೇ ಮಡಿಕೆ ಎಬ್ಬಿಸುತ್ತಿದ್ದರು. ಅಷ್ಟು ಹೊತ್ತಿಗೆ ಚಹಾ ಆರಿಹೋಗಿರುತ್ತಿತ್ತು. ಸಾಬೂನು ಕಿಟಕಿಯ ಮೇಲೆ ದಿಕ್ಕಿಲ್ಲದೆ ಬಿದ್ದಿರುತ್ತಿತ್ತು. ಕಾಗದ ಮಾತ್ರ ಹಳೆಯ ಪಂಚಾಂಗದ ಹಾಳೆಗಳ ನಡುವೆ ಒಂದು ರಾತ್ರಿ ಮಲಗಿ, ಮರುದಿನ ಅವರ ಕಬ್ಬಿಣದ ಟ್ರಂಕು ಸೇರುತ್ತಿತ್ತು.

ಕಾಶಿಯಲ್ಲಿ ಕೇದಾರ ಘಾಟಿನ ಮೇಲಿನ ಗಲ್ಲಿಯಲ್ಲಿ ಕನ್ನಡದವರ ಒಂದು ಮಠ. ಅಲ್ಲಿ ಅವರು ಕಾರಕೂನರು. ಗದಗಿನ ಕಡೆಯವರು, ಒಂಟಿ ಜೀವ, ಬಂದು ಇಪ್ಪತ್ತು ವರ್ಷ ದಾಟಿತ್ತು. ನಾನು ಮೈಸೂರಿನಿಂದ ಅಲ್ಲಿನ ವಿಶ್ವವಿದ್ಯಾಲಯಕ್ಕೆ ರಸಾಯನಶಾಸ್ತ್ರ ಕಲಿಸಲು ಹೋದವಳು. ತೊಂಬತ್ತರ ದಶಕದ ಮೊದಲ ವರ್ಷಗಳವು. ಸೋಮವಾರ ಸಂಜೆ ಕಿವಿಗೆ ನಾಲ್ಕು ಕನ್ನಡದ ಮಾತು ಬೀಳಲೆಂದು ಮಠಕ್ಕೆ ಹೋಗುತ್ತಿದ್ದೆ. ಜೋಳದ ರೊಟ್ಟಿಯ ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ.

ಮೊದಲ ಸಲ ಹೋದಾಗ ಅಮ್ಮನ ಕಾಗದ ಓದಿ, ಲಕೋಟೆಯನ್ನು ಮುದುರಿ ಮೂಲೆಗೆ ಎಸೆದೆ. ಅವರು ಎದ್ದು ಹೋಗಿ ಅದನ್ನು ಎತ್ತಿಕೊಂಡು ಬಂದರು.

"ಕಾಗದ ಓದಿದಿ, ಚೀಟಿ ಯಾರು ಓದಬೇಕು?"

ಅಂಚೆಚೀಟಿಯ ಮೇಲೊಂದು ಕೊಕ್ಕರೆ ಇತ್ತು. ನಾನು ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿದೆ. "ಅಲ್ಲವಾ ತಂಗಿ, ದೂರ ಹಿಡಿ. ತೋಳು ಚಾಚಿ ಹಿಡಿ. ಅಲ್ಲಿಂದನೂ ಗುರುತು ಸಿಕ್ಕರ ಅದು ಚಿತ್ರ. ನೋಡು, ಎರಡ ಬಣ್ಣದಾಗ ಮುಗಿಸ್ಯಾನ ಪುಣ್ಯಾತ್ಮ. ಮೂರನೇದ್ದು ಕೇಳಿಲ್ಲ." ನಾನು ತೋಳು ಚಾಚಿದೆ. ಕೊಕ್ಕರೆ ಇನ್ನೇನು ಹಾರುವಂತಿತ್ತು. ಇಷ್ಟು ವರ್ಷ ನಾಲಗೆ ತಾಗಿಸಿ ಅಂಟಿಸಿದ್ದೇನೆಯೇ ಹೊರತು ಒಂದು ಚೀಟಿಯನ್ನೂ ನಾನು ನೋಡಿರಲಿಲ್ಲ ಎಂದು ನಾಚಿಕೆಯಾಯಿತು.

ಟ್ರಂಕಿನಲ್ಲಿ ಬೆಂಕಿಪೊಟ್ಟಣದ ಚೀಟಿಗಳು, ನಶ್ಯದ ಡಬ್ಬಿಯ ಲೇಬಲ್ಲುಗಳು, ಬನಾರಸಿ ಸೀರೆಯ ಮಡಿಕೆಗೆ ಅಂಟಿಸುತ್ತಿದ್ದ ಹೊನ್ನಿನ ಬಣ್ಣದ ಕಾಗದಗಳು, ಇಂಗಿನ ಜಾಹೀರಾತುಗಳು, ಎಲ್ಲ ಇದ್ದವು. ಬೆಲೆ ಬಾಳುವುದು ಒಂದೂ ಇರಲಿಲ್ಲ. ಅಪರೂಪದ ಚೀಟಿ ಕೊಳ್ಳುವವರ ಬಗ್ಗೆ ಹೇಳಿದರೆ, "ಅವರು ರೊಕ್ಕ ನೋಡತಾರ, ನಾ ಗೆರಿ ನೋಡತೀನಿ" ಎನ್ನುತ್ತಿದ್ದರು.

ಆ ವರ್ಷಗಳಲ್ಲಿ ಪೇಟೆಯ ಸಾಮಾನುಗಳೆಲ್ಲ ಒಂದೊಂದಾಗಿ ಹೊಸ ಅಂಗಿ ತೊಡುತ್ತಿದ್ದವು. ಅವರು ಬಳಸುವ ಸಾಬೂನಿನ ಮೇಲಿದ್ದ ಕಮಲ ಹೋಗಿ ಹೊಳಪಿನ ಫೋಟೊ ಬಂತು, ಅಕ್ಷರಗಳು ಓರೆಯಾದವು. ಈರಯ್ಯನವರು ಅಂದಿನಿಂದಲೇ ಆ ಸಾಬೂನು ಬಿಟ್ಟು ಕಡಲೆಹಿಟ್ಟು ಹಚ್ಚಿ ಸ್ನಾನ ಮಾಡತೊಡಗಿದರು. ಕಂಪನಿಗೆ ಕನ್ನಡದಲ್ಲೇ ಒಂದು ಕಾರ್ಡು ಬರೆದು ಬೈದರು. ಉತ್ತರ ಬರಲಿಲ್ಲವಲ್ಲ ಎಂದರೆ, "ಬರಲಿಲ್ಲ ಅಂದ್ರ ಮುಟ್ಟೇತಿ ಅಂತರ್ಥ. ಏನಂತ ಬರದಾರು?" ಎಂದು ಗೆದ್ದವರ ಹಾಗೆ ಮೀಸೆ ನೀವಿಕೊಂಡರು.

ಅಂಚೆ ಕಚೇರಿಯ ಗುಮಾಸ್ತನ ಜೊತೆ ಅವರದು ನಿತ್ಯದ ಜಗಳ. ಅವನು ಚೀಟಿಯ ನಟ್ಟನಡುವೆ ಮುದ್ರೆ ಗುದ್ದುತ್ತಿದ್ದ. "ಅರೇ ಭೈಯಾ, ಮುಹ್ ಪರ್ ಕಾಹೇ ಮಾರತ್ ಹೌ?" ಮುಖದ ಮೇಲೆ ಯಾಕೆ ಹೊಡೆಯುತ್ತೀ ಎಂದು ಕಿಂಡಿಯೊಳಗೆ ಕೈ ಹಾಕಿ ಅವನ ಮಣಿಕಟ್ಟು ಹಿಡಿದದ್ದನ್ನು ನಾನೇ ಕಂಡಿದ್ದೇನೆ. ಹಿಂದೆ ಸಾಲಿನಲ್ಲಿದ್ದವರು ಗೊಣಗಿದರೂ ಕೈ ಬಿಡಲಿಲ್ಲ. ಕೊನೆಗೆ ಗುಮಾಸ್ತನೇ ಸೋತ. ಇವರ ಕಾಗದಗಳಿಗೆ ಮಾತ್ರ ಚೀಟಿಯ ಮೂಲೆಗೆ ಮೆಲ್ಲಗೆ ಮುದ್ರೆ ತಾಗಿಸುತ್ತಿದ್ದ.

ಕಾಶಿಗೆ ಬಂದವರು ತಮಗೆ ಪ್ರೀತಿಯದ್ದೊಂದನ್ನು ಬಿಟ್ಟು ಹೋಗಬೇಕು ಎಂಬ ಪದ್ಧತಿ ಇದೆಯಲ್ಲ, ಯಾತ್ರಿಕರಿಗೆ ಅದನ್ನು ನೆನಪಿಸುವುದೂ ಈರಯ್ಯನವರ ಕೆಲಸವಾಗಿತ್ತು. "ಏನ್ ಬಿಡತೀರಿ?" ಎಂದು ಕೇಳಿದರೆ ಮುಕ್ಕಾಲು ಪಾಲು ಜನ ಹಾಗಲಕಾಯಿ ಎನ್ನುತ್ತಿದ್ದರು. "ಮನ್ಯಾಗ ಮೊದಲ ತಿಂತಿರಲಿಲ್ಲ, ಈಗ ಗಂಗವ್ವಗ ದಾನ!" ಎಂದು ಇವರು ಆಮೇಲೆ ನನ್ನ ಹತ್ತಿರ ನಗುತ್ತಿದ್ದರು. ನೀವೇನು ಬಿಟ್ಟಿರಿ ಎಂದು ಒಮ್ಮೆ ಕೇಳಿದೆ. "ನಾ ಏನೂ ಬಿಟ್ಟಿಲ್ಲವಾ. ಬಿಡೂದೂ ಇಲ್ಲ. ನನ್ನ ದೇಹ ಇಲ್ಲೇ ಬೀಳತೈತಿ, ಅದರಾಗ ಎಲ್ಲಾ ಬಂತು" ಎಂದರು.

ಅವರಿಗೆ ಎಲ್ಲಕ್ಕಿಂತ ಹೆಚ್ಚಿನದು ಟ್ರಂಕಿನಲ್ಲಿರಲಿಲ್ಲ, ಅವರ ಮೇಜಿನ ಮೇಲಿತ್ತು. ಯಾತ್ರಿಕರು ಊರಿಗೆ ಒಯ್ಯುವ ವಿಭೂತಿ ಮತ್ತು ಕಾಶಿದಾರದ ಪೊಟ್ಟಣಗಳಿಗೆ ಒತ್ತುವ ಮರದ ಅಚ್ಚು. ಎಂದೋ ಬನಾರಸಿನ ಬಟ್ಟೆಯಚ್ಚು ಕೆತ್ತುವವನೊಬ್ಬ ಮಾಡಿಕೊಟ್ಟ ನಂದಿ, ಮಠದ ಗುರುತು. "ಎಣಿಸು" ಎಂದರು. ಎಣಿಸಿದೆ. ಒಂಬತ್ತೇ ಗೆರೆ. ಒಂದರಲ್ಲಿ ಹೆಗಲ ಮೇಲಿನ ಡುಬ್ಬ ಮತ್ತು ಬೆನ್ನು, ಒಂದರಲ್ಲಿ ಮಡಿಸಿದ ಕಾಲು, ಕಣ್ಣಿಗೊಂದು ಸಣ್ಣ ಗೀರು. "ಹತ್ತನೇ ಗೆರಿ ಹಾಕಿದ್ರ ಅದು ದನ ಆಗತಿತ್ತು."

ಅಷ್ಟರಲ್ಲಿ ಮಠಕ್ಕೆ ಹೊಸ ವ್ಯವಸ್ಥಾಪಕರು ಬಂದರು. ಮಲ್ಲಿಕಾರ್ಜುನಪ್ಪ, ತುಮಕೂರಿನ ನಿವೃತ್ತ ಅಧಿಕಾರಿ. ಕೆಟ್ಟವರಲ್ಲ, ಸೋರುವ ಸೂರು ರಿಪೇರಿ ಮಾಡಿಸಿದವರು ಅವರೇ. ಹಾಗೆಯೇ ಮಠದ ಗುರುತನ್ನೂ ರಿಪೇರಿ ಮಾಡಹೊರಟರು. ಕಂಟೋನ್ಮೆಂಟಿನ ಪ್ರೆಸ್ಸಿನಿಂದ ನಾಲ್ಕು ಬಣ್ಣದ ಹೊಸ ಚಿತ್ರ ಬಂತು. ಅದರಲ್ಲಿ ಸೂರ್ಯ, ಗೋಪುರ, ಗಂಗೆ, ದೀಪ, ತೆರೆದ ಪುಸ್ತಕ, ಕಮಲ, ಮೂಲೆಯಲ್ಲಿ ಸೊಳ್ಳೆಯಷ್ಟು ನಂದಿ. ಈರಯ್ಯನವರು ತೋಳು ಚಾಚಿ ಹಿಡಿದು ನೋಡಿ, "ಇದು ಸಂತಿ" ಎಂದು ಮೇಜಿನ ಮೇಲಿಟ್ಟರು.

"ಕಾಲ ಬದಲಾಗಿದೆ ಈರಯ್ಯನವರೇ. ಬರೋ ಸೋಮವಾರ ಹಳೇ ಅಚ್ಚನ್ನ ಗಂಗೆಗೆ ಬಿಟ್ಟುಬಿಡೋಣ. ದೇವರ ಚಿತ್ರ, ಎಲ್ಲೆಲ್ಲೋ ಬಿಸಾಕೋಕಾಗಲ್ಲ" ಎಂದರು ವ್ಯವಸ್ಥಾಪಕರು.

"ಓದಾಕ ಬರದ ಮುದುಕಿ ದೇವರ ಜಗಲಿ ಮ್ಯಾಲೆ ಈ ನಂದಿ ನೋಡಿ, ಇದು ಕಾಶಿ ವಿಭೂತಿ ಅಂತಾಳ್ರಿ. ಆಕಿಗೆ ಏನ್ ಹೇಳೂಣು?"

"ರೂಢಿ ಆಗುತ್ತೆ. ಎಲ್ಲರಿಗೂ ಬಿಡಿ ಬಿಡಿ ಅಂತ ಹೇಳೋರು ನೀವು. ಕಾಶಿಯಲ್ಲಿದ್ದೀರಿ, ನೀವೂ ಒಂದು ಬಿಡಿ."

"ಮಂದಿಗೆ ಬಿಡಿಸತೀನ್ರಿ. ಇದನ್ನ ಬಿಡೂದಿಲ್ಲ."

ಆ ಸೋಮವಾರ ನಾನು ಹೋದಾಗ ಅಚ್ಚು ಅವರ ಅಂಗಿಯ ಒಳಜೇಬಿನಲ್ಲಿತ್ತು. ಊಟಕ್ಕೆ ಕೂತಾಗಲೂ ಎದೆಯ ಮೇಲೊಂದು ಉಬ್ಬು. ವ್ಯವಸ್ಥಾಪಕರ ಸಹನೆ ಕೆಟ್ಟಿತು. ಮಠದ ಸೊತ್ತು ಕೊಡಿ, ಇಲ್ಲವೇ ಕೆಲಸ ಬಿಡಿ ಎಂದು ಎಲ್ಲರೆದುರಿಗೇ ಅಂದರು. ಕೋಪದ ಮಾತು, ಆಡಿದವರಿಗೇ ಅದು ನಿಜವಾದೀತೆಂಬ ಅನುಮಾನವಿರಲಿಲ್ಲ. ಈರಯ್ಯನವರು ರೊಟ್ಟಿ ಮುಗಿಸಿ ಕೈ ತೊಳೆದು ಬಂದರು. "ಸೊತ್ತು ಮಠದ್ದ ಖರೆ. ಕದಿಯಾಂವ ನಾ ಅಲ್ಲ. ಇಪ್ಪತ್ತಾರು ವರ್ಷದ ಚಾಕರಿಗೆ ಕಾಣಿಕಿ ಅಂತ ಇದನ್ನ ಕೊಡ್ರಿ, ನಾಳೆ ಹೊಂಡತೀನಿ." ವ್ಯವಸ್ಥಾಪಕರು ತಮ್ಮ ತಟ್ಟೆ ಸರಿಸಿ, ತೆಗೆದುಕೊಂಡು ಹೋಗಿ ಎಂದರು.

ನನಗೆ ಸಿಟ್ಟು ಬಂದಿತ್ತು. ಸ್ಟೇಷನ್ನಿಗೆ ಹೋಗುವ ಆಟೋದಲ್ಲಿ, ಕಾಲಡಿಯ ಟ್ರಂಕಿನ ಮೇಲೆ ಪಾದ ಊರಿಕೊಂಡು ಜಗಳ ತೆಗೆದೆ. "ಒಂದು ಮರದ ತುಂಡಿಗಾಗಿ ಕಾಶಿ ಬಿಡ್ತೀರಾ? ದೇಹ ಇಲ್ಲೇ ಬೀಳುತ್ತೆ ಅಂದಿರಿ!" ಅವರು ಹೊರಗಿನ ಗೋಡೆಗಳ ಮೇಲಿನ ಬಣ್ಣಮಾಸಿದ ಜಾಹೀರಾತುಗಳನ್ನೇ ನೋಡುತ್ತಿದ್ದರು. ಉತ್ತರ ಬಂದದ್ದು ರೈಲಿನ ಕಿಟಕಿಯಿಂದ.

"ಪ್ರೀತಿದ್ದೊಂದು ಬಿಡಬೇಕಲ್ಲ ತಂಗಿ. ಹಾಗಲಕಾಯಿ ಬಿಡಾಂವ ನಾ ಅಲ್ಲ. ನನಗ ಕಾಶಿ ಭಾಳ ಪ್ರೀತಿದಿತ್ತು."

ಗಾಡಿ ಹೊರಟಿತು. ನಾನು ಪ್ಲಾಟ್‌ಫಾರಂ ಮೇಲೆ ನಿಂತು ಅತ್ತೆ.

ಮರುವರ್ಷ ಅವರ ತಂಗಿಯ ಮಗ ಗದಗಿನಿಂದ ಕಾಗದ ಬರೆದ. ಮಾಮಾ ತೀರಿಕೊಂಡು ಹದಿನೈದು ದಿನವಾಯಿತು. ಟ್ರಂಕಿನಲ್ಲಿ ನಿಮ್ಮ ವಿಳಾಸ ಸಿಕ್ಕಿತು. ಕಾಗದಗಳ ಜೊತೆಗೆ ಹಳೆಯ ಕಟ್ಟಿಗೆಯ ಅಚ್ಚೊಂದಿದೆ. ದೇವರ ಚಿತ್ರ, ಮನೆಯಲ್ಲಿಟ್ಟುಕೊಳ್ಳುವುದು ಬೇಡ, ಹೊಳೆಗೆ ಬಿಡಿ ಎಂದು ಹಿರಿಯರು ಹೇಳುತ್ತಿದ್ದಾರೆ. ಏನು ಮಾಡಲಿ?

ಕಾಗದ ಓದಿದೆ. ಲಕೋಟೆಯ ಮೇಲಿನ ಚೀಟಿಯನ್ನೂ ತೋಳು ಚಾಚಿ ಓದಿದೆ. ಆಮೇಲೆ ಮಧ್ಯಾಹ್ನದ ತರಗತಿ ಬಿಟ್ಟು ಅಂಚೆ ಕಚೇರಿಗೆ ಓಡಿದೆ. ಕಿಂಡಿಯಲ್ಲಿ ಅದೇ ಗುಮಾಸ್ತ. ನನ್ನ ತಂತಿಯ ಕಾಗದದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ ಅವನಿಗೆ ಅರ್ಥವಾಗಲಿಲ್ಲ; ಇದೇನು ಭಾಷೆ, ತಪ್ಪಾಗಿರಬೇಕು, ತಿದ್ದಿಕೊಂಡು ಬನ್ನಿ ಎಂದು ವಾಪಸು ತಳ್ಳಿದ. ನಾನು ಕಿಂಡಿಯೊಳಗೆ ಕೈ ಹಾಕಿ ಅವನ ಮಣಿಕಟ್ಟು ಹಿಡಿದೆ. ಒಂದಕ್ಷರವನ್ನೂ ತಿದ್ದುವುದಿಲ್ಲ, ಹೀಗೆಯೇ ಹೋಗಬೇಕು ಎಂದೆ. ಅವನು ನನ್ನ ಮುಖವನ್ನೊಮ್ಮೆ ನೋಡಿ, ಪದಗಳನ್ನು ಎಣಿಸಿಕೊಂಡ. ಎರಡೇ ಪದ.

ಬಿಡಬೇಡಿ. ಬರುತ್ತಿದ್ದೇನೆ.